ವಿಭೂತಿ ಹಚ್ಚಿದ ಬೆಕ್ಕು

ವೀರಬಸಮ್ಮನ ಬೆಕ್ಕು ಮಾಂಸ ಮುಟ್ಟುವುದಿಲ್ಲ ಎಂಬುದು ಆದೋನಿಯ ಹತ್ತಿ ವ್ಯಾಪಾರದ ಮನೆಗಳಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇರಲು ವೀರಬಸಮ್ಮ ಬಿಡುತ್ತಿರಲಿಲ್ಲ. ಮದುವೆ ಮನೆಗೆ ಹೋಗಲಿ, ಸಾವಿನ ಮನೆಗೆ ಹೋಗಲಿ, ಆಕೆಯ ಮಾತು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಆ ಬೆಕ್ಕು ಬೆಣ್ಣಿಯ ಹತ್ತಿರ ಬಂದು ಕೂರುತ್ತಿತ್ತು.

"ನಮ್ಮ ಬೆಣ್ಣಿ ಹಾಲು, ಮೊಸರನ್ನ ಬಿಟ್ಟು ಬ್ಯಾರೆ ಮೂಸಿ ಸೈತ ನೋಡಂಗಿಲ್ರಿ. ಹಿಂದಿನ ಜನ್ಮದಾಗ ಯಾವದರ ಮಠದಾಗ ಇತ್ತೋ ಏನೋ."

ಕೇಳಿದವರು ಹೌದೌದು ಎನ್ನುತ್ತಿದ್ದರು. ಬೆನ್ನ ಹಿಂದೆ ನಗುವವರು ನಗುತ್ತಿದ್ದರು. ಆದರೆ ಯಾರೂ ಆಕೆಯ ಮುಖದ ಮೇಲೆ ನಗಲಿಲ್ಲ. ಆ ಒಂದು ಒಳ್ಳೆಯತನವೇ ಮುಂದೆ ಬೆಕ್ಕಿನ ಕಣ್ಣಿಗೆ ಎರವಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ವೀರಬಸಮ್ಮ ಗಂಡ ತೀರಿಕೊಂಡ ಮೇಲೆ ನಂದವರಂನ ಮನೆ ಬಿಟ್ಟು ತಮ್ಮ ಬಸವಪ್ರಸಾದನ ಮನೆಗೆ ಬಂದವಳು. ಮಕ್ಕಳಿಲ್ಲ. ತಮ್ಮ ಕೆಟ್ಟವನಲ್ಲ, ಅವನ ಹೆಂಡತಿ ಪ್ರತಿಮಾಳ ಮೂಗಿನ ತುದಿಯಲ್ಲಿ ಸಿಟ್ಟಿದ್ದರೂ ಮನಸ್ಸಿನಲ್ಲಿ ವಿಷವಿರಲಿಲ್ಲ. ಆದರೂ ಆ ಮನೆಯ ಹಾಸಿಗೆ ಅವರದು, ಕುರ್ಚಿ ಅವರದು, ಬೆಳಿಗ್ಗೆ ಯಾವ ಪಲ್ಯ ಎಂಬ ಮಾತೂ ಅವರದು. ತನ್ನದು ಎಂದು ವೀರಬಸಮ್ಮನಿಗೆ ಇದ್ದದ್ದು ಕೊರಳಿನ ಲಿಂಗ ಮತ್ತು ಕಾಲ ಬಳಿಯ ಬೆಕ್ಕು.

ಆ ಬೆಕ್ಕು ಆಸ್ಪರಿ ಕಡೆಯಿಂದ ಬಂದ ಹತ್ತಿ ಲಾರಿಯಲ್ಲಿ ಮೂಟೆಗಳ ಸಂದಿನಲ್ಲಿ ಸಿಕ್ಕ ಮರಿ. ಆಗ ಇವರೆಲ್ಲ ಪೇಟೆಯ ಹಳೆಯ ಮನೆಯಲ್ಲಿದ್ದರು. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಗೋಡೌನು. ಗಾಳಿಯಲ್ಲಿ ತೇಲಿ ಬರುವ ಅರಳೆಯ ಎಳೆಗಳನ್ನು ಹಿಡಿಯಲು ಮರಿ ಇಡೀ ದಿನ ಎಗರಿ ಎಗರಿ ಬೀಳುತ್ತಿತ್ತು. ಹೀಗೆ ಒಂದು ದಿನ ವೀರಬಸಮ್ಮ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಾಗ, ಅದು ತಾನು ಹಿಡಿದ ಮೊದಲ ಇಲಿಯನ್ನು ತಂದು ಆಕೆಯ ಮಡಿಲ ಹತ್ತಿರ ಇಟ್ಟು ಮುಖ ನೋಡುತ್ತಾ ನಿಂತಿತು. ತಾಯಿಗೆ ತೋರಿಸುವ ಹಾಗೆ ತೋರಿಸಿತು, ಪಾಪ.

ವೀರಬಸಮ್ಮ ಪೂಜೆ ಮುಗಿಸಿ ಎದ್ದು ಕಸಬರಿಗೆ ತೆಗೆದುಕೊಂಡಳು. ಕೈ ಸೋಲುವ ತನಕ ಹೊಡೆದಳು. ಆಮೇಲೆ ಅಳುತ್ತಾ ಅದರ ಬಾಯಿ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮುಂದೆ ಹಾಲನ್ನ ಇಟ್ಟಳು. ಇನ್ನೊಂದೆರಡು ಸಲ ಹೀಗೆಯೇ ಆಯಿತು. ಆಮೇಲೆ ಬೆಣ್ಣಿ ಆಕೆಯ ಕಣ್ಣೆದುರು ಏನನ್ನೂ ತರಲಿಲ್ಲ. ಅದಕ್ಕೆ ಬುದ್ಧಿ ಬಂತು ಎಂದು ಆಕೆ ಹಿಗ್ಗಿದಳು. ಅಂದಿನಿಂದ ದಿನವೂ ಪೂಜೆಯಾದ ಮೇಲೆ ತನ್ನ ಹಣೆಗೆ, ತೋಳಿಗೆ ಹಚ್ಚಿ ಉಳಿದ ವಿಭೂತಿಯನ್ನು ಬೆಕ್ಕಿನ ಎರಡು ಕಿವಿಗಳ ನಡುವೆ ಸವರುವುದು ಪದ್ಧತಿಯಾಯಿತು. ಬೆಣ್ಣಿ ಕಣ್ಣು ಮುಚ್ಚಿ ತಲೆ ಕೊಡುತ್ತಿತ್ತು.

ವ್ಯಾಪಾರ ಕೈಗೂಡಿ ಬಸವಪ್ರಸಾದ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಕನ್ನಡಿಯಂಥ ಟೈಲ್ಸು, ಕಿಟಕಿಗಳಿಗೆಲ್ಲ ಜಾಲರಿ. ಇಲಿ ಇರಲಿ, ಹಲ್ಲಿ ಸಹ ಒಳಗೆ ಬರಲು ದಾರಿ ಇಲ್ಲ. ಹೊರಗೆ ಬೀದಿ ನಾಯಿಗಳ ಹಿಂಡು. ಹೀಗಾಗಿ ಬೆಣ್ಣಿ ಪೂರ್ತಿ ಮನೆಯೊಳಗಿನ ಬೆಕ್ಕಾಯಿತು.

ಮೊದಮೊದಲು ಏನೂ ತೊಂದರೆ ಇರಲಿಲ್ಲ. ಒಂದು ವರ್ಷ ದಾಟಿದ ಮೇಲೆ ಅದರ ತುಂಟಾಟ ಶುರುವಾಯಿತು. ಮೇಜಿನ ಮೇಲೆ ನಡೆದರೆ ಲೋಟ ಬಿತ್ತೆಂದೇ ಲೆಕ್ಕ. ಅಟ್ಟದ ಮೇಲಿನ ತನ್ನ ಜಾಗಕ್ಕೆ ಎಗರಲು ಹೋಗಿ ಸ್ಟೀಲ್ ಡಬ್ಬಿಗಳನ್ನೆಲ್ಲ ಎಳೆದುಕೊಂಡು ನೆಲಕ್ಕೆ ಬೀಳುತ್ತಿತ್ತು. ಮರಳಿನ ಬುಟ್ಟಿ ಇದ್ದರೂ ಅದರ ಪಕ್ಕದಲ್ಲೇ ಹೊಲಸು ಮಾಡುತ್ತಿತ್ತು. ಬಸವಪ್ರಸಾದ ಬರಿಗಾಲಲ್ಲಿ ಸದ್ದಿಲ್ಲದೆ ಹಿಂದಿನಿಂದ ಬಂದರೆ ಬೆಚ್ಚಿ ತಿರುಗಿ ಅವನ ಕಾಲಿಗೆ ಉಗುರು ಹಾಕುತ್ತಿತ್ತು. ಒಮ್ಮೊಮ್ಮೆ ಗೋಡೆಗೆ ಮುಖ ಮಾಡಿ ಕೂತು, ಯಾರನ್ನೋ ಕರೆಯುವ ಹಾಗೆ ಊಳಿಡುತ್ತಿತ್ತು.

"ವಯಸ್ಸಾದಂಗ ಮಂದಿ ಸುಮ್ಮನಾಗ್ತಾರ," ಎಂದು ಪ್ರತಿಮಾ ಒಡೆದ ಗಾಜು ಗುಡಿಸುತ್ತಾ ಹೇಳಿದಳು. "ನಿಮ್ಮ ಬೆಕ್ಕಿಗಿ ಈಗ ಹುಡುಗಾಟ ಬಂದೈತಿ ಅಕ್ಕಾರ."

"ಮನ್ಯಾಗ ಒಂದೇ ಇರ್ತೈತಿ. ಬ್ಯಾಸರ ಆಗ್ತೈತಿ ಅದಕ್ಕ," ಎಂದು ವೀರಬಸಮ್ಮ ವಹಿಸಿಕೊಂಡಳು.

ಪ್ರತಿಮಾ ಬೈದರೂ ಸುಮ್ಮನಿರುವವಳಲ್ಲ. ಫೋನಿನಲ್ಲಿ ವಿಡಿಯೊ ನೋಡಿ, ಒಳಗೇ ಇರುವ ಬೆಕ್ಕುಗಳಿಗೆ ಆಟವಿಲ್ಲದಿದ್ದರೆ ಹೀಗಾಗುತ್ತದೆಂದು ತಿಳಿದುಕೊಂಡಳು. ಗೆಜ್ಜೆ ಇರುವ ಒಂದು ಚೆಂಡು ತರಿಸಿದಳು, ಕೋಲಿಗೆ ಕಟ್ಟಿದ ಗರಿಯನ್ನೂ ತರಿಸಿದಳು. ಚೆಂಡು ಉರುಳಿಸಿದರೆ ಬೆಣ್ಣಿ ಮರಿಯ ಹಾಗೆ ಓಡುತ್ತಿತ್ತು. ಗರಿಯನ್ನು ಮೂಗಿನ ಮುಂದೆ ಆಡಿಸಿದರೂ ಕದಲುತ್ತಿರಲಿಲ್ಲ.

"ನೋಡ್ರಿ ಸೊಕ್ಕು," ಎಂದಳು ಪ್ರತಿಮಾ. "ತನಗ ಬೇಕಾದ ಆಟ ಮಾತ್ರ ಆಡ್ತೈತಿ."

ವೀರಬಸಮ್ಮ ನಕ್ಕಳು. ಆಕೆಗೆ ಇನ್ನೊಂದು ಸಂತೋಷವೂ ಇತ್ತು. ಬೆಣ್ಣಿಯ ಕಣ್ಣುಗಳು ಈಚೆಗೆ ತುಂಬಾ ಚೆಂದ ಕಾಣುತ್ತಿದ್ದವು. ಮೊದಲು ಬಿಸಿಲಿನಲ್ಲಿ ಗೀಟಿನಷ್ಟು ಸಣ್ಣದಾಗುತ್ತಿದ್ದ ಕಣ್ಣಿನ ಕರಿ ಭಾಗ ಈಗ ಹಗಲೆಲ್ಲ ದುಂಡಗೆ, ದೊಡ್ಡದಾಗಿ ಹೊಳೆಯುತ್ತಿತ್ತು. ಬಂದವರಿಗೆಲ್ಲ ಎತ್ತಿ ತೋರಿಸುತ್ತಿದ್ದಳು.

ಕಾರ್ತಿಕದಲ್ಲಿ ಮಠದ ಸ್ವಾಮಿಗಳು ಪಾದಪೂಜೆಗೆ ಮನೆಗೆ ಬಂದರು. ಬಂಧು ಬಳಗ, ಪೇಟೆಯ ಮಂದಿ ಎಲ್ಲ ಕೂಡಿದ್ದರು. ಸ್ವಾಮಿಗಳ ಪಾದ ತೊಳೆದ ನೀರು ಬೆಳ್ಳಿಯ ಹರಿವಾಣದಲ್ಲಿತ್ತು. ಆ ಪಾದೋದಕವನ್ನು ಎಲ್ಲರಿಗೂ ಹಂಚಬೇಕು. ಅಷ್ಟರಲ್ಲಿ ವೀರಬಸಮ್ಮ ತಡೆಯಲಾರದೆ, ಹಣೆಗೆ ವಿಭೂತಿ ಹಚ್ಚಿದ ಬೆಣ್ಣಿಯನ್ನು ಎತ್ತಿಕೊಂಡು ಬಂದಳು.

"ಬುದ್ದಿಯವರ, ಹುಟ್ಟಿದಾಗಿಂದ ಮಾಂಸ ಮುಟ್ಟಿಲ್ರಿ ಇದು. ಆಶೀರ್ವಾದ ಮಾಡ್ರಿ."

ಸ್ವಾಮಿಗಳು ನಕ್ಕು ಕೈ ಎತ್ತಿದರು. ಅಷ್ಟು ಮಂದಿಯ ಸದ್ದಿಗೆ ಹೆದರಿದ ಬೆಣ್ಣಿ ಆಕೆಯ ತೋಳಿನಿಂದ ಬಿಡಿಸಿಕೊಂಡು, ದಿನವೂ ತಾನು ಮಲಗುವ ಮೂಲೆಯ ಕಡೆಗೆ ಎಗರಿತು. ಆ ಮೂಲೆಯ ಮುಂದೆ ಅಂದು ಹರಿವಾಣ ಇತ್ತು. ಬೆಕ್ಕು ನೇರ ಅದರೊಳಗೆ ಬಿತ್ತು. ಪಾದೋದಕ ಸ್ವಾಮಿಗಳ ಕಾವಿಯ ಮೇಲೆ, ಹೂವಿನ ಮೇಲೆ, ನೆಲದ ತುಂಬ ಚೆಲ್ಲಿತು. ಸ್ವಾಮಿಗಳು ಇರಲಿ ಬಿಡಿ ಎಂದರು, ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ.

ಮಂದಿ ಹೋದ ಮೇಲೆ ಬಸವಪ್ರಸಾದ ಅಕ್ಕನ ಮುಖ ನೋಡದೆ ಹೇಳಿದ. "ಅಕ್ಕಾ, ಇನ್ನ ಇದು ಈ ಮನ್ಯಾಗ ಇರಬಾರದು. ಎಲ್ಲೆರ ಬಿಟ್ಟು ಬರೋಣು."

ಬೆಣ್ಣಿ ಹೋದರೆ ಈ ಮನೆಯಲ್ಲಿ ತಾನು ಯಾರ ಜೊತೆ ಮಾತಾಡಬೇಕು ಎಂಬುದೊಂದೇ ವೀರಬಸಮ್ಮನಿಗೆ ಹೊಳೆದದ್ದು. ಬಾಯಿ ಬಿಟ್ಟು ಕೇಳಲು ಧೈರ್ಯ ಬರಲಿಲ್ಲ. ಕೇಳಿದವಳು ಪ್ರತಿಮಾ.

"ಬಿಡೋದು ಆಮ್ಯಾಲೆ. ಅದು ಎಗರಿದ್ದು ಯಾರರ ನೋಡಿದ್ರೇನು? ಬೆಕ್ಕಿಗಿ ನೀರಂದ್ರ ಆಗಂಗಿಲ್ಲ. ನೀರು ತುಂಬಿದ ತಟ್ಟ್ಯಾಗ ಬೇಕಂತ ಬೀಳ್ತೈತೇನು? ಅದಕ್ಕ ತಟ್ಟಿ ಕಾಣಲೇ ಇಲ್ಲ."

ಮರುದಿನ ಇಬ್ಬರೂ ಬೆಣ್ಣಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೊದಲ್ಲಿ ದನದ ಆಸ್ಪತ್ರೆಗೆ ಹೋದರು. ಕುರಿಗಳ, ಎಮ್ಮೆಗಳ ನಡುವೆ ಕಾದು ಕೂತರು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗ, ಮಾತು ಅರ್ಧ ತೆಲುಗು. ಬೆಕ್ಕಿನ ಕಣ್ಣಿಗೆ ಟಾರ್ಚ್ ಹಿಡಿದ, ಎದೆಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದ. ಆಮೇಲೆ ಡಬ್ಬಿಯಿಂದ ಒಂದು ಹತ್ತಿಯ ಉಂಡೆ ತೆಗೆದು ಬೆಣ್ಣಿಯ ಮುಖದ ಮುಂದೆ ಮೇಲಿನಿಂದ ಬಿಟ್ಟ.

ಹತ್ತಿ ಸದ್ದಿಲ್ಲದೆ ಬಿತ್ತು. ಬೆಣ್ಣಿ ತಲೆ ಎತ್ತಲಿಲ್ಲ. ಡಾಕ್ಟರು ಮತ್ತೊಮ್ಮೆ ಬಿಟ್ಟ. ಹತ್ತಿ ಅದರ ಮೀಸೆ ತಾಗುವಷ್ಟು ಹತ್ತಿರ ಇಳಿದು ಮೇಜಿನ ಮೇಲೆ ಕೂತಿತು. ಆ ಅಗಲವಾದ ಚೆಂದದ ಕಣ್ಣುಗಳು ಎಲ್ಲೋ ನೋಡುತ್ತಲೇ ಇದ್ದವು. ಹಳೆಯ ಗೋಡೌನಿನಲ್ಲಿ ಒಂದು ಎಳೆ ಅರಳೆ ಹಾರಿದರೆ ಆಕಾಶಕ್ಕೆ ಎಗರುತ್ತಿದ್ದ ಮರಿಯನ್ನು ನೋಡಿದ ವೀರಬಸಮ್ಮನಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ದೀನಿಕಿ ಏಮಿ ಪೆಡ್ತುನ್ನಾರಮ್ಮಾ?" ಏನು ತಿನ್ನಿಸುತ್ತೀರೆಂದು ಡಾಕ್ಟರು ಕೇಳಿದ.

ಕೇಳಿದವರಿಗೆಲ್ಲ ಹೇಳಿ ರೂಢಿಯಾಗಿದ್ದ ಮಾತು ತಾನಾಗಿಯೇ ಹೊರಬಂತು. "ಹಾಲು, ಮೊಸರನ್ನ. ಮಾಂಸ ಮುಟ್ಟಂಗಿಲ್ರಿ ಇದು."

ಡಾಕ್ಟರು ಟಾರ್ಚ್ ಕೆಳಗಿಟ್ಟ. "ಅಮ್ಮಾ, ಮನ್ಷಾ ಅನ್ನ ತಿಂದು ಬದಕ್ತಾನ. ಬೆಕ್ಕು ಬದಕಂಗಿಲ್ಲ. ಅದರ ಕಣ್ಣಿಗಿ, ಗುಂಡಿಗಿಗಿ ಬೇಕಾಗಿದ್ದು ಮಾಂಸದಾಗೇ ಐತಿ. ಅದು ಸಿಗಲಾರದಕ್ಕ ಕಣ್ಣಿನ ಒಳಪದರು ಸತ್ತೈತಿ. ಕಣ್ಣು ಮತ್ತ ಬರಲ್ಲ. ಗುಂಡಿಗಿನೂ ಊದೈತಿ. ಪೌಡರ್ ಬರಕೊಡ್ತೀನಿ. ಆದ್ರ ಮಾಂಸ ಹಾಕಿದ್ರ ಮಾತ್ರ ಉಳಿತೈತಿ, ಲೇಕಪೋತೆ ಲೇದು, ಇಲ್ಲಂದ್ರ ಇಲ್ಲ."

ಆಟೊದಲ್ಲಿ ವೀರಬಸಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬೀಳಿಸಿದ ಲೋಟಗಳು, ಅಟ್ಟದಿಂದ ಉರುಳಿದ ಡಬ್ಬಿಗಳು, ಗೋಡೆಗೆ ಮುಖ ಮಾಡಿ ಕೂಗಿದ್ದು ಒಂದೊಂದಾಗಿ ನೆನಪಿಗೆ ಬಂದವು. ಅದು ಆಟವಾಡಿರಲಿಲ್ಲ. ಕತ್ತಲಲ್ಲಿ ತಡಕಾಡುತ್ತಿತ್ತು, ಇವರು ಬೈಯುತ್ತಿದ್ದರು.

ಮನೆಗೆ ಬಂದು ಆಕೆ ತಮ್ಮನನ್ನು ಕೇಳಿದಳು. "ಹಳೇ ಮನ್ಯಾಗನೂ ಹಾಲನ್ನ ತಿಂದೇ ಇತ್ತಲ್ಲೋ ತಮ್ಮಾ. ಅಲ್ಲಿ ಯಾಕ ಏನೂ ಆಗಲಿಲ್ಲ?"

ಬಸವಪ್ರಸಾದ ಈಗ ಮುಚ್ಚಿಡಲಿಲ್ಲ. "ಗೋಡೌನಿನಾಗ ಇಲಿ ತಿಂತಿತ್ತಕ್ಕ. ಮೂಟಿ ಹಿಂದ ಕುಂತು ತಿಂದು, ಬಾಯಿ ನೆಕ್ಕೊಂಡು, ಆಮ್ಯಾಲೆ ನಿನ್ನ ಹತ್ರ ಬರ್ತಿತ್ತು. ಹಮಾಲರಿಗೆಲ್ಲ ಗೊತ್ತಿತ್ತು. ನೀ ಅಷ್ಟು ಖುಷಿಲೆ ಹೇಳಿಕೊಂಡು ತಿರಗತಿದ್ದಿ. ಯಾರು ಹೇಳಬೇಕು ನಿನಗ?"

ವೀರಬಸಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಊರೇ ಸೇರಿ ತನ್ನನ್ನು ಮಗುವಿನ ಹಾಗೆ ನಂಬಿಸಿತ್ತು. ಆದರೆ ಸಿಟ್ಟು ಮಾಡಿಕೊಂಡು ಕೂರಲು ಹೊತ್ತಿರಲಿಲ್ಲ. ಬೆಣ್ಣಿ ಮೊಸರನ್ನವನ್ನು ಮೂಸಿ ಬಿಟ್ಟಿತ್ತು. ಪೌಡರು ಕಲಸಿದ ಹಾಲನ್ನೂ ಬಿಟ್ಟಿತ್ತು. ಎತ್ತಿಕೊಂಡರೆ ಎಲುಬು ಕೈಗೆ ಸಿಗುತ್ತಿದ್ದವು.

ಮರುದಿನ ಆಕೆ ಯಾರನ್ನೂ ಕೇಳಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೊರಳಿನ ಲಿಂಗವನ್ನು ಕುಪ್ಪಸದ ಒಳಗೆ ಇಳಿಸಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಕೋಳಿ ಅಂಗಡಿಯ ಮುಂದೆ ನಿಂತಳು. ಅಂಗಡಿಯವನು ಹಣೆಯ ವಿಭೂತಿ ನೋಡಿ, ದಾರಿ ತಪ್ಪಿ ಬಂದಿದ್ದಾಳೆಂದುಕೊಂಡು, ಕಿರಾಣಿ ಅಂಗಡಿ ಆ ಕಡೆ ಎಂದು ತೋರಿಸಿದ. ಬೆಕ್ಕಿಗೆ ಬೇಕು ಎಂದು ಆಕೆ ಸೆರಗಿನ ಒಳಗಿಂದಲೇ ಹೇಳಿದಳು. ಮಾಳಿಗೆಯ ಮೇಲೆ ಮೂರು ಇಟ್ಟಿಗೆ ಇಟ್ಟು, ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದಳು. ಬಸವಪ್ರಸಾದ ಕೆಳಗೆ ಟಿವಿಯ ಸದ್ದು ಜೋರು ಮಾಡಿಕೊಂಡು ಕೂತಿದ್ದ.

ಬೆಣ್ಣಿಯನ್ನು ಪ್ರತಿಮಾ ಮೇಲೆ ತಂದು ಬಿಟ್ಟಳು. ಅದರ ಮೂಗು ಎದ್ದಿತು. ಗಾಳಿಯನ್ನು ಮೂಸುತ್ತಾ, ಒಂದು ಹೂಕುಂಡಕ್ಕೆ ಡಿಕ್ಕಿ ಹೊಡೆದು, ನೇರವಾಗಿ ತಟ್ಟೆಯ ಕಡೆಗೆ ಓಡಿ ಬಂತು. ಬಾಯಿ ಹಾಕಿತು.

ವೀರಬಸಮ್ಮನ ಕಣ್ಣು ತುಂಬಿ ಬಂದವು. ಬಗ್ಗಿ ಅದರ ತಲೆ ಸವರಲು ಕೈ ಚಾಚಿದಳು. "ತಿನ್ನು ಬೆಣ್ಣಿ. ತಿನ್ನು ಮಗಾ."

ಬೆಣ್ಣಿ ಬಾಯಿಂದ ತುಂಡು ಬಿಟ್ಟಿತು. ಕಿವಿಗಳು ಹಿಂದಕ್ಕೆ ಮಲಗಿದವು. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಾಣದ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಅದು ಹಾಗೇ ಕೂತುಬಿಟ್ಟಿತು. ಓಡಿಹೋಗಲಿಲ್ಲ, ಹಿಂದೆ ಸರಿಯಲಿಲ್ಲ. ಪೆಟ್ಟಿಗಾಗಿ ಕಾಯುತ್ತಿತ್ತು.

ಕಸಬರಿಗೆ ಹಿಡಿದ ಆ ದಿನವನ್ನು ವೀರಬಸಮ್ಮ ಯಾವಾಗಲೋ ಮರೆತಿದ್ದಳು. ಬೆಕ್ಕು ಮರೆತಿರಲಿಲ್ಲ. ಮಾಂಸದ ಪಕ್ಕದಲ್ಲಿ ಈ ಧ್ವನಿ, ಈ ವಿಭೂತಿಯ ವಾಸನೆ ಬಂದರೆ ಮುಂದೇನು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಬೆಣ್ಣಿ ಕದಲಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಮೆಟ್ಟಿಲಿಳಿದಳು.

ಸ್ವಲ್ಪ ಹೊತ್ತಿಗೆ ಪ್ರತಿಮಾ ಇಳಿದು ಬಂದಳು. ಹೇಳಲೋ ಬೇಡವೋ ಎಂಬಂತೆ ನಿಂತು, ಮೆಲ್ಲಗೆ ಅಂದಳು. "ತಿಂತು ಅಕ್ಕಾರ. ನೀವು ಇಳಿದ ಮ್ಯಾಲೆ ತಿಂತು."

ಒಂದು ವಾರ ಹಾಗೆ ನಡೆಯಿತು. ಪ್ರತಿಮಾ ಮೂಗು ಮುಚ್ಚಿಕೊಂಡು ಮಾಳಿಗೆಯ ಮೇಲೆ ಹಾಕುತ್ತಿದ್ದಳು. ಆದರೆ ವೀರಬಸಮ್ಮ ಕೆಳಗೆ ಕೆಮ್ಮಿದರೂ ಬೆಣ್ಣಿ ತಟ್ಟೆ ಬಿಟ್ಟು ನೀರಿನ ಟ್ಯಾಂಕಿನ ಹಿಂದೆ ಅಡಗುತ್ತಿತ್ತು. ಗಬಗಬನೆ ನುಂಗಿ ಕಕ್ಕುತ್ತಿತ್ತು. ಕೆಳಗೆ ಬಂದರೆ ಮಾತ್ರ ಮೊದಲಿನಂತೆ ಆಕೆಯ ಕಾಲಿಗೆ ತಲೆ ಉಜ್ಜಿ, ವಿಭೂತಿಗೆ ಹಣೆ ಕೊಟ್ಟು, ಮಡಿಲಲ್ಲಿ ಮಲಗುತ್ತಿತ್ತು. ಅದನ್ನು ನೋಡಿದರೆ ಆಕೆಗೆ ಇನ್ನಷ್ಟು ಸಂಕಟವಾಗುತ್ತಿತ್ತು. ತಾನು ಹತ್ತಿರವಿದ್ದರೆ ಅದು ಉಣ್ಣುವುದಿಲ್ಲ, ಉಣ್ಣದಿದ್ದರೆ ಅದು ಉಳಿಯುವುದಿಲ್ಲ.

"ತಮ್ಮಾ, ಬಸವಕ್ಕಗ ಫೋನ್ ಮಾಡು," ಎಂದು ಆಕೆಯೇ ಹೇಳಿದಳು.

ಬಸವಕ್ಕ ಹತ್ತಿ ಸುಗ್ಗಿಯಲ್ಲಿ ಗೋಡೌನಿಗೆ ಕೆಲಸಕ್ಕೆ ಬರುತ್ತಿದ್ದ ಹಾಲಹರವಿಯ ಹೆಂಗಸು. ಗಂಡ ಪಕೀರಪ್ಪ ಕುರಿ ಸಾಕಿದ್ದ, ಮನೆಯಲ್ಲಿ ಮಾಂಸದ ಅಡುಗೆ ಆಗುತ್ತಿತ್ತು. ಆಕೆ ಬಂದು ಬೆಣ್ಣಿಯ ಬುಟ್ಟಿ ಎತ್ತಿಕೊಂಡಾಗ ಬಸವಪ್ರಸಾದ ಅಂಗಡಿಗೆ ಹೋಗಿರಲಿಲ್ಲ, ಬಾಗಿಲಲ್ಲೇ ನಿಂತಿದ್ದ. ಇನ್ನೂ ನಾಲ್ಕು ದಿನ ಇರಲಿ ಅಕ್ಕಾ ಎಂದ. ವೀರಬಸಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದು ಬೆಕ್ಕಿನ ಹಣೆಗೆ ವಿಭೂತಿ ಹಚ್ಚಲೂ ಇಲ್ಲ.

ಬೆಣ್ಣಿ ಚೇತರಿಸಿಕೊಂಡಿದೆ, ಕುರಿಯ ಬೋಟಿ ತಿನ್ನುತ್ತದೆ, ಕುರಿಮರಿಗಳ ನಡುವೆ ಮಲಗುತ್ತದೆ ಎಂದು ಬಸವಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ವೀರಬಸಮ್ಮ ತಡೆದಷ್ಟು ದಿನ ತಡೆದು, ಒಂದು ದಿನ ಬಸ್ಸು ಹತ್ತಿ ಹೋದಳು. ಬೆಣ್ಣಿ ಅಂಗಳದಲ್ಲಿ ಕೂತು ತಿನ್ನುತ್ತಿತ್ತು. ಮೈ ತುಂಬಿಕೊಂಡಿತ್ತು. ಆಕೆ ಬಾಗಿಲು ದಾಟಿ "ಬೆಣ್ಣಿ" ಎಂದಳಷ್ಟೇ. ಬೆಕ್ಕು ಬಾಯಿಯದನ್ನು ಬಿಟ್ಟು, ಕಿವಿ ಮಲಗಿಸಿ, ನೆಲಕ್ಕೆ ಅಂಟಿಕೊಂಡಿತು. ಅದಾದ ಮೇಲೆ ಎರಡು ದಿನ ಏನೂ ತಿನ್ನಲಿಲ್ಲವಂತೆ. ಇದನ್ನು ಬಸವಕ್ಕ ತಾನಾಗಿ ಹೇಳಲಿಲ್ಲ, ವೀರಬಸಮ್ಮ ಕೆದಕಿ ಕೇಳಿ ತಿಳಿದುಕೊಂಡಳು. ಇನ್ನು ಹೋಗಬಾರದು ಎಂದು ಗಟ್ಟಿ ಮನಸ್ಸು ಮಾಡಿದಳು. ಆ ಮನಸ್ಸು ಚಳಿಗಾಲ ಮುಗಿಯುವ ತನಕ ನಿಂತಿತು.

ಎರಡನೆಯ ಸಲ ಹಾಲಹರವಿಯಲ್ಲಿ ಬಸ್ಸಿಳಿದವಳು ನೇರವಾಗಿ ಬಸವಕ್ಕನ ಮನೆಗೆ ಹೋಗಲಿಲ್ಲ. ರಸ್ತೆ ಬದಿಯ ನಲ್ಲಿಯ ಹತ್ತಿರ ಕೂತು ಹಣೆ ತೊಳೆದುಕೊಂಡಳು. ತೋಳು, ಕೊರಳು, ಬೆರಳ ಸಂದು ತಿಕ್ಕಿ ತಿಕ್ಕಿ ತೊಳೆದಳು. ಲಿಂಗಧಾರಣೆಯಾದಂದಿನಿಂದ ಆಕೆಯ ಹಣೆ ಹಗಲಿನಲ್ಲಿ ಬರಿದಾಗಿ ಇದ್ದದ್ದಿಲ್ಲ, ಗಂಡ ಸತ್ತ ದಿನವೂ ಇರಲಿಲ್ಲ. ನೀರಿಗೆ ಬಂದ ಹೆಂಗಸೊಬ್ಬಳು ಯಾರ ಮನೆಗೆ ಬಂದಿರಿ ಎಂದು ಕೇಳಿದಳು. ವೀರಬಸಮ್ಮ ಸುಮ್ಮನೆ ಕೈ ತೋರಿಸಿದಳು.

ಬಸವಕ್ಕ ಆಕೆಯ ಬರಿ ಹಣೆ ನೋಡಿ ಗಾಬರಿಯಾದಳು. ವೀರಬಸಮ್ಮ ತುಟಿಯ ಮೇಲೆ ಬೆರಳಿಟ್ಟು, ಗೂಟಕ್ಕೆ ತೂಗುಹಾಕಿದ್ದ ಪಕೀರಪ್ಪನ ಕಂಬಳಿ ಕೇಳಿ ತೆಗೆದುಕೊಂಡಳು. ಕುರಿ ವಾಸನೆಯ ಆ ಕಂಬಳಿಯನ್ನು ತಲೆಯ ಮೇಲಿಂದ ಕಾಲ ತನಕ ಹೊದ್ದು, ಅಂಗಳದ ಗೋಡೆಗೆ ಒರಗಿ ಕೂತಳು. ಬಸವಕ್ಕ ತಟ್ಟೆ ತಂದಿಟ್ಟು ನಾಲಿಗೆ ಲೊಚಗುಟ್ಟಿದಳು. ಬೆಣ್ಣಿ ಬಂತು. ಒಂದು ಗಳಿಗೆ ನಿಂತು ಈ ಕಡೆ ಮೂಸಿತು. ಆಮೇಲೆ ತಟ್ಟೆಗೆ ಬಾಯಿ ಹಾಕಿ, ನಿಧಾನವಾಗಿ, ಯಾರ ಭಯವೂ ಇಲ್ಲದೆ ಪೂರ್ತಿ ತಿಂದಿತು. ತನ್ನ ಬೆಕ್ಕು ಹೊಟ್ಟೆ ತುಂಬ ಉಣ್ಣುವುದನ್ನು ವೀರಬಸಮ್ಮ ಮೊದಲ ಸಲ ನೋಡಿದಳು.

ಉಂಡಾದ ಮೇಲೆ ಬೆಣ್ಣಿ ಮುಖ ಒರೆಸಿಕೊಂಡು, ಕಂಬಳಿಯ ಅಂಚನ್ನು ಮೀಸೆಯಿಂದ ಮುಟ್ಟಿ ನೋಡಿ, ಮೇಲೆ ಹತ್ತಿತು. ಆಕೆಯ ತೊಡೆಯ ಮೇಲೆ ಉಣ್ಣೆಯನ್ನು ಮುಂಗಾಲಿನಿಂದ ನಾದಿ ನಾದಿ ಜಾಗ ಮಾಡಿಕೊಂಡು, ಸುತ್ತಿಕೊಂಡು ಮಲಗಿತು. ಗುರುಗುರು ಸದ್ದು ಆಕೆಯ ಹೊಟ್ಟೆಗೆ ತಾಗುತ್ತಿತ್ತು.

ವೀರಬಸಮ್ಮ ಕೈ ಹೊರಗೆ ತೆಗೆಯಲಿಲ್ಲ. ಎಷ್ಟು ತೊಳೆದರೂ ಆ ಕೈ ಅದೇ ಕೈ. ಹೆಸರು ಬಾಯಿಯ ತನಕ ಬಂತು, ಹಲ್ಲು ಕಚ್ಚಿ ಒಳಗೆ ಹಾಕಿಕೊಂಡಳು. ಕಣ್ಣೀರು ಗದ್ದದಿಂದ ಕಂಬಳಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ಅಮ್ಮಾರ, ಹೊತ್ತಾತು," ಎಂದು ಬಸವಕ್ಕ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದಳು. "ಆದೋನಿ ಬಸ್ಸು ಹೋಗಿಬಿಡ್ತೈತಿ."

ಮಾತಾಡಿದರೆ ಬೆಕ್ಕು ಗುರುತು ಹಿಡಿಯುತ್ತದೆ. ವೀರಬಸಮ್ಮ ಇನ್ನೂ ಸ್ವಲ್ಪ ಹೊತ್ತು ಎಂಬಂತೆ ತಲೆಯಾಡಿಸಿ, ಹಾಗೆಯೇ ಕೂತಿದ್ದಳು.